ಕ್ಷಯದ ಹೊಸ ಮದ್ದು: ಹುಟ್ಟಿದ ಬಗೆ, ಬಡವನ ಕೈಗೆ ಬಂದ ಬಗೆ

ಭಾರತವನ್ನು 2025ನೆಯ ಇಸವಿಯೊಳಗಾಗಿ ಕ್ಷಯರೋಗದಿಂದ ಮುಕ್ತಗೊಳಿಸುವೆವೆಂದು 2018ನೆಯ ಮಾರ್ಚ್ ತಿಂಗಳಲ್ಲಿ ದೆಹಲಿಯ ಸಮ್ಮೇಳನವೊಂದರಲ್ಲಿ ಪ್ರಧಾನಮಂತ್ರಿಗಳು ಸಾರಿದುದು ವಾಚಕರ ನೆನಪಿನಲ್ಲಿರಬಹುದು. ಜಗತ್ತು 2030ನ್ನು ಗಡುವಾಗಿ ಇಟ್ಟುಕೊಂಡಿದ್ದಾಗ ನಾವು ಐದು ವರ್ಷ ಮುಂಚಿತವಾಗಿಯೇ ಗುರಿ ಮುಟ್ಟುವೆವೆಂಬ ಉತ್ಸಾಹ ಆಗ ಇತ್ತು. ಆ ಗಡುವು ಈಗ ಕಳೆದಿದೆ. ವಿಶ್ವ ಆರೋಗ್ಯ ಸಂಸ್ಥೆಯು 2025ರ ನವೆಂಬರಿನಲ್ಲಿ ಪ್ರಕಟಿಸಿದ ವರದಿಯಂತೆ, 2015ರಲ್ಲಿ ಲಕ್ಷ ಜನರಿಗೆ 237ರಷ್ಟಿದ್ದ ಹೊಸ ರೋಗಿಗಳ ಪ್ರಮಾಣವು 2024ರಲ್ಲಿ 187ಕ್ಕೆ ಇಳಿದಿದೆ. ಎಂದರೆ ನೂರಕ್ಕೆ 21ರಷ್ಟು ಇಳಿಕೆ. ನಾವೇ ಹಾಕಿಕೊಂಡಿದ್ದ ಲೆಕ್ಕವಾದರೋ ನೂರಕ್ಕೆ 80. ಏನೂ ಆಗಿಲ್ಲವೆಂದು ಹೇಳುವುದು ಅನ್ಯಾಯ. ಜಗತ್ತಿನ ಸರಾಸರಿಗಿಂತ ನಮ್ಮ ಇಳಿಕೆ ಮೇಲಾಗಿದೆ. ಆದರೆ ಜಗತ್ತಿನ ನಾಲ್ವರು ಹೊಸ ಕ್ಷಯರೋಗಿಗಳಲ್ಲಿ ಒಬ್ಬನು ಇಂದಿಗೂ ಭಾರತೀಯನೇ ಎಂಬುದನ್ನು ಮರೆಮಾಡುವುದೂ ಸಲ್ಲದು.

ಇದೇ ಕಾಲದಲ್ಲಿ ಇನ್ನೊಂದು ಸುದ್ದಿಯೂ ಬಂದಿತು, ಅದಕ್ಕೆ ದೊರೆಯಬೇಕಾದಷ್ಟು ಜಾಗ ಪತ್ರಿಕೆಗಳಲ್ಲಿ ದೊರೆಯಲಿಲ್ಲ. 2024ರ ಸೆಪ್ಟೆಂಬರಿನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು, ಹಳೆಯ ಮದ್ದುಗಳಿಗೆ ಬಗ್ಗದ ಕ್ಷಯಕ್ಕೆ, ನಾಲ್ಕು ಔಷಧಗಳ ಹೊಸ ಚಿಕಿತ್ಸಾಕ್ರಮವೊಂದನ್ನು ಅಂಗೀಕರಿಸಿತು. ಬೆಡಾಕ್ವಿಲಿನ್, ಪ್ರಿಟೋಮ್ಯಾನಿಡ್, ಲಿನೆಝೋಲಿಡ್, ಮಾಕ್ಸಿಫ್ಲೋಕ್ಸಾಸಿನ್ ಎಂಬ ಈ ನಾಲ್ಕನ್ನು ಆರು ತಿಂಗಳು ನುಂಗಿದರೆ ಸಾಕು, ಸೂಜಿಯಿಲ್ಲ. ಈ ಹಿಂದೆ ಇದೇ ರೋಗಿಯು ಒಂಬತ್ತರಿಂದ ಇಪ್ಪತ್ತು ತಿಂಗಳವರೆಗೆ ಔಷಧ ಸೇವಿಸಬೇಕಾಗಿತ್ತು. ಕೆಲವು ವರ್ಷಗಳ ಹಿಂದೆಯಂತೂ ದಿನಕ್ಕೊಂದರಂತೆ ತಿಂಗಳುಗಟ್ಟಲೆ ಸೂಜಿ ಚುಚ್ಚಿಸಿಕೊಳ್ಳಬೇಕಾಗಿತ್ತು.

ಹೆಸರುಗಳು ನಾಲಗೆಗೆ ಒಗ್ಗುವಂಥವಲ್ಲ. ಆದರೂ ಇದು ವೈದ್ಯರಿಗೆ ಬಿಟ್ಟ ವಿಷಯವೆಂದು ನಮ್ಮ ವಾಚಕರು ಪುಟ ಮಗುಚಬಾರದೆಂದು ಪ್ರಾರ್ಥನೆ. ಮುಂಬಯಿ, ಪುಣೆ, ಮದ್ರಾಸುಗಳಲ್ಲಿ ಹೋಟೆಲಿನ ಅಟ್ಟದ ಮೇಲೆ ಸಾಲಾಗಿ ಹಾಸಿಗೆ ಹಾಸಿ ಮಲಗುವವರು, ಒಂದು ಕೋಣೆಯ ಬಾಡಿಗೆಯನ್ನು ಎಂಟು ಮಂದಿ ಹಂಚಿಕೊಳ್ಳುವ ಗುಮಾಸ್ತರು, ಭಟ್ಟಿಯ ಹೊಗೆಯಲ್ಲಿ ಹನ್ನೆರಡು ತಾಸು ನಿಲ್ಲುವ ಅಡಿಗೆಯವರು, ಇವರ ನಡುವೆ ಕೆಮ್ಮಿನ ಈ ರೋಗವು ಯಾವ ದಾರಿಯಲ್ಲಿ ಹರಡುವುದೆಂಬುದು ವಿದಿತವೇ ಇದೆ. ಆದುದರಿಂದ ಮದ್ದೆಂದರೇನು, ಅದು ದೇಹದಲ್ಲಿ ಏನು ಮಾಡುವುದು, ಹೊಸದೊಂದು ಮದ್ದು ಹುಟ್ಟಿ ಬರಲು ಏಕೆ ಅಷ್ಟು ಕಾಲ ಹಿಡಿಯುವುದು, ಹುಟ್ಟಿದ ಮೇಲೂ ಅದು ಬಡವನ ಕೈಗೆ ಬರಲು ಏಕೆ ಹೆಣಗಬೇಕಾಗುವುದು ಎಂಬುದನ್ನು ತಿಳಿದಿರುವುದು ನಮ್ಮ ಜನರಿಗೇ ಹೆಚ್ಚು ಅವಶ್ಯ.

ಮದ್ದಿಗೂ ವಿಷಕ್ಕೂ ನಡುವಣ ಅಂತರ ಬಹುಪಾಲು ಪ್ರಮಾಣದ ಅಂತರವೇ. ಇಷ್ಟಕ್ಕಿಂತ ಕಡಿಮೆಯಾದರೆ ಕ್ರಿಮಿ ಸಾಯದು, ಇಷ್ಟಕ್ಕಿಂತ ಹೆಚ್ಚಾದರೆ ರೋಗಿಗೇ ಅಪಾಯ. ಈ ಎರಡು ಗೆರೆಗಳ ನಡುವೆ ರಕ್ತದಲ್ಲಿ ಔಷಧವನ್ನು ನಿಲ್ಲಿಸುವುದೇ ವೈದ್ಯನ ಕೆಲಸ. ಆದುದರಿಂದ ಔಷಧಶಾಸ್ತ್ರವು ಯಾವ ಮದ್ದಿನ ಕುರಿತಾಗಿಯೂ ಎರಡು ಪ್ರಶ್ನೆಗಳನ್ನು ಕೇಳುತ್ತದೆ. ಮದ್ದು ದೇಹಕ್ಕೂ ಕ್ರಿಮಿಗೂ ಏನು ಮಾಡುತ್ತದೆ ಎಂಬುದು ಮೊದಲನೆಯದು. ದೇಹವು ಮದ್ದಿಗೆ ಏನು ಮಾಡುತ್ತದೆ ಎಂಬುದು ಎರಡನೆಯದು. ಎರಡನೆಯ ಪ್ರಶ್ನೆಯನ್ನು ಸಾಮಾನ್ಯವಾಗಿ ನಾವು ಕೇಳುವುದೇ ಇಲ್ಲ.

ಕ್ಷಯಕ್ಕೆ ಇಂದಿಗೂ ಮೊದಲ ಸಾಲಿನಲ್ಲಿ ಕೊಡುವ ಐಸೋನಿಯಝಿಡ್ ಎಂಬ ಮಾತ್ರೆಯನ್ನೇ ನೋಡಿರಿ. ನುಂಗಿದ ಒಂದೆರಡು ಗಂಟೆಯೊಳಗೆ ಅದು ಕರುಳಿನಿಂದ ರಕ್ತಕ್ಕೆ ಸೇರಿ ಶ್ವಾಸಕೋಶವನ್ನು ಮುಟ್ಟುತ್ತದೆ. ಅಲ್ಲಿ ಕ್ಷಯಕ್ರಿಮಿಯು ತನ್ನ ಮೈಗೆ ಮೇಣದ ಕವಚವನ್ನು ಕಟ್ಟಿಕೊಳ್ಳದಂತೆ ತಡೆಯುತ್ತದೆ. ಅತ್ತ ನಮ್ಮ ಯಕೃತ್ತಾದರೋ ಇದನ್ನು ಪರಕೀಯ ವಸ್ತುವೆಂದು ತಿಳಿದು ಮಾರ್ಪಡಿಸಿ ಹೊರಹಾಕಲು ತೊಡಗುತ್ತದೆ. ಈ ಕೆಲಸವನ್ನು ಕೆಲವರ ಯಕೃತ್ತು ಶೀಘ್ರವಾಗಿಯೂ ಕೆಲವರದು ಮಂದವಾಗಿಯೂ ಮಾಡುತ್ತದೆ. ಇದು ತಂದೆತಾಯಿಗಳಿಂದ ಬಂದ ಗುಣ, ನಮ್ಮ ಕೈಯಲ್ಲಿಲ್ಲ. ಶೀಘ್ರದವರಲ್ಲಿ ಒಂದರಿಂದ ಒಂದೂವರೆ ಗಂಟೆಗೆ ರಕ್ತದಲ್ಲಿನ ಔಷಧ ಅರ್ಧಕ್ಕಿಳಿದರೆ, ಮಂದದವರಲ್ಲಿ ಅದಕ್ಕೆ ಮೂರು ಗಂಟೆಯ ಆಸುಪಾಸು ಬೇಕು. ಹೀಗೆ ಅರ್ಧವಾಗುವ ಅವಧಿಯನ್ನು ಔಷಧದ ಅರ್ಧಾಯುಷ್ಯವೆನ್ನುವರು. ನಮ್ಮ ದೇಶದಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಮಂದದವರೇ. ಔಷಧ ಹೆಚ್ಚು ಹೊತ್ತು ನಿಲ್ಲುವುದರಿಂದ ಇವರಿಗೆ ಅಂಗಾಲು ಬೆರಳುಗಳಲ್ಲಿ ಜೋಮು ಹಿಡಿಯುವುದುಂಟು. ಅದನ್ನು ತಡೆಯಲೆಂದೇ ವೈದ್ಯರು ಬಿ-6 ಎಂಬ ಜೀವಸತ್ವದ ಗುಳಿಗೆಯನ್ನು ಜೊತೆಗೆ ಬರೆದುಕೊಡುವರು. ಅದು ಶಕ್ತಿಯ ಗುಳಿಗೆ, ಬಿಟ್ಟರೂ ನಡೆಯುವುದೆಂದು ನಮ್ಮ ಹುಡುಗರು ಎಸೆಯುವುದನ್ನು ಕಂಡಿದ್ದೇವೆ. ಹಾಗೆ ಎಸೆಯತಕ್ಕದ್ದಲ್ಲ.

ಇದರ ಜೊತೆಗಾರನಾದ ರಿಫ್ಯಾಂಪಿಸಿನ್‌ನ ಸ್ವಭಾವ ಬೇರೆ. ಮೂತ್ರ, ಬೆವರು, ಕಣ್ಣೀರುಗಳಿಗೆ ಕಿತ್ತಳೆ ಬಣ್ಣ ಬರುವುದು ಈ ಮದ್ದಿನಿಂದ, ಅದರಿಂದ ಗಾಬರಿಪಡಬೇಕಾದುದಿಲ್ಲ. ಬರಿಹೊಟ್ಟೆಯಲ್ಲಿ ಇದು ಚೆನ್ನಾಗಿ ರಕ್ತಕ್ಕೆ ಸೇರುತ್ತದೆ, ಊಟದ ಜೊತೆ ಕಡಿಮೆ. ಬೆಳಗಿನ ಪಾಳಿಯವನು ಐದು ಗಂಟೆಗೆ ಬಟಾಟೆವಡೆಯೊಡನೆ ನುಂಗುವುದಕ್ಕೂ, ಒಂದು ಗಂಟೆ ಮೊದಲೇ ನೀರಿನೊಡನೆ ನುಂಗುವುದಕ್ಕೂ ವ್ಯತ್ಯಾಸವಿದೆ. ಅದಲ್ಲದೆ ಇದು ಯಕೃತ್ತನ್ನು ಎಬ್ಬಿಸಿ ಅದರ ಕೆಲಸವನ್ನೇ ಹೆಚ್ಚಿಸುತ್ತದೆ; ಪರಿಣಾಮವಾಗಿ ಅದೇ ವೇಳೆಯಲ್ಲಿ ಸೇವಿಸುವ ಬೇರೆ ಹಲವು ಔಷಧಗಳು, ಸಂತಾನನಿಯಂತ್ರಣದ ಗುಳಿಗೆಗಳೂ ಸೇರಿ, ಬೇಗ ಹೊರಹೋಗಿ ನಿಷ್ಫಲವಾಗುವುದುಂಟು. ಬೇರಾವ ಮದ್ದು ನಡೆಯುತ್ತಿದ್ದರೂ ವೈದ್ಯರಿಗೆ ಹೇಳಬೇಕೆಂಬುದಕ್ಕೆ ಕಾರಣವಿದು. ಈ ಎಲ್ಲ ಮಾತ್ರೆಗಳ ಭಾರವನ್ನೂ ಹೊರುವುದು ಯಕೃತ್ತೇ ಆದುದರಿಂದ, ದಿನದ ಕೆಲಸ ಮುಗಿಸಿ ಮದ್ಯದಂಗಡಿಗೆ ಹೋಗುವ ಅಭ್ಯಾಸವುಳ್ಳವರು ಚಿಕಿತ್ಸೆಯ ಅವಧಿಯಲ್ಲಾದರೂ ಅದನ್ನು ನಿಲ್ಲಿಸಲೇಬೇಕು.

ಈಗ ಇತಿಹಾಸದ ಕಡೆಗೆ ತಿರುಗೋಣ. ಕ್ಷಯಕ್ಕೆ ನಿಜವಾದ ಮೊದಲ ಮದ್ದು ದೊರೆತದ್ದು ಮಣ್ಣಿನಲ್ಲಿ. 1943ನೆಯ ಇಸವಿಯಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಸೆಲ್ಮನ್ ವಾಕ್ಸ್‌ಮನ್ ಅವರ ಪ್ರಯೋಗಶಾಲೆಯಲ್ಲಿ ಆಲ್ಬರ್ಟ್ ಶಾಟ್ಝ್ ಎಂಬ ತರುಣ ವಿದ್ಯಾರ್ಥಿಯು ಮಣ್ಣಿನ ಜೀವಾಣುವೊಂದರಿಂದ ಸ್ಟ್ರೆಪ್ಟೋಮೈಸಿನ್ನನ್ನು ಕಂಡುಹಿಡಿದನು. 1952ರ ನೊಬೆಲ್ ಬಹುಮಾನ ಮಾತ್ರ ಗುರುವಿನ ಪಾಲಾಯಿತು, ಶಿಷ್ಯನಿಗೆ ಪಾಲು ಸಿಗಲಿಲ್ಲ; ಇಂಥ ಪದ್ಧತಿ ಅಡಿಗೆಮನೆಗಳಲ್ಲೂ ಇರುವುದರಿಂದ ಹೆಚ್ಚು ವಿವರಿಸಬೇಕಾಗಿಲ್ಲ.

ಮದ್ದು ದೊರೆತೊಡನೆ ಅದನ್ನು ಎಲ್ಲರಿಗೂ ಕೊಟ್ಟುಬಿಡಲಾಗದು. ಗುಣವಾದುದು ಮದ್ದಿನಿಂದಲೋ ಅಥವಾ ತಾನಾಗಿಯೋ ಎಂಬುದನ್ನು ಮೊದಲು ಅರಿಯಬೇಕು. ಯುದ್ಧಾನಂತರದ ಬ್ರಿಟನ್ನಿಗೆ ಅಮೆರಿಕದಿಂದ ಸಾಕಷ್ಟು ಸ್ಟ್ರೆಪ್ಟೋಮೈಸಿನ್ ಕೊಳ್ಳಲು ಡಾಲರುಗಳಿರಲಿಲ್ಲ. ಎಲ್ಲರಿಗೂ ಸಾಲದ ಮದ್ದನ್ನು ಯಾರಿಗೆ ಕೊಡಬೇಕೆಂಬ ಕಷ್ಟದಿಂದಲೇ ಒಂದು ಮಹತ್ತ್ವದ ಪದ್ಧತಿ ಹುಟ್ಟಿತು. ಬ್ರಾಡ್‌ಫರ್ಡ್ ಹಿಲ್ ಎಂಬ ಸಂಖ್ಯಾಶಾಸ್ತ್ರಜ್ಞರ ಸಲಹೆಯಂತೆ 107 ರೋಗಿಗಳನ್ನು, ಮುಚ್ಚಿದ ಲಕೋಟೆಗಳ ಮೂಲಕ, ವೈದ್ಯರ ಇಷ್ಟಾನಿಷ್ಟಗಳಿಗೆ ಎಡೆಯಿಲ್ಲದಂತೆ ಎರಡು ಗುಂಪು ಮಾಡಲಾಯಿತು. 55 ಮಂದಿಗೆ ಮದ್ದು ಮತ್ತು ವಿಶ್ರಾಂತಿ, 52 ಮಂದಿಗೆ ವಿಶ್ರಾಂತಿ ಮಾತ್ರ. ಆರು ತಿಂಗಳಲ್ಲಿ ಮೊದಲ ಗುಂಪಿನಲ್ಲಿ 4 ಮಂದಿ, ಎರಡನೆಯದರಲ್ಲಿ 14 ಮಂದಿ ತೀರಿಕೊಂಡಿದ್ದರು. 1948ರಲ್ಲಿ ಇದು ಪ್ರಕಟವಾದಾಗ ಜಗತ್ತು ಹರ್ಷಿಸಿತು. ಇಂದು ಯಾವ ಹೊಸ ಮದ್ದನ್ನು ಪರೀಕ್ಷಿಸಬೇಕಾದರೂ ಅನುಸರಿಸುವ ಕ್ರಮದ ಮೂಲ ಇಲ್ಲಿದೆ.

ಆದರೆ ಕಥೆಯ ಉತ್ತರಾರ್ಧವನ್ನು ಬಹಳ ಜನ ಹೇಳುವುದಿಲ್ಲ. ಅದೇ ರೋಗಿಗಳನ್ನು ಐದು ವರ್ಷಗಳ ತರುವಾಯ ನೋಡಿದಾಗ, ಮದ್ದು ದೊರೆತ 55ರಲ್ಲಿ 32 ಮಂದಿಯೂ, ದೊರೆಯದ 52ರಲ್ಲಿ 35 ಮಂದಿಯೂ ಗತಿಸಿದ್ದರು! ಆರಂಭದ ಲಾಭದ ಬಹುಭಾಗ ಕರಗಿಹೋಗಿತ್ತು. ಕ್ರಿಮಿಯು ಮದ್ದನ್ನು ಗೆದ್ದಿತ್ತು.

ಇದು ಹೇಗಾಯಿತೆಂಬುದು ಲೆಕ್ಕಪತ್ರ ಬಲ್ಲ ನಮ್ಮ ಗುಮಾಸ್ತ ಬಂಧುಗಳಿಗೆ ಸುಲಭವಾಗಿ ತಿಳಿಯತಕ್ಕ ವಿಷಯ. ರೋಗ ಬಲಿತವನ ಶ್ವಾಸಕೋಶದ ಒಂದು ಕುಳಿಯಲ್ಲಿ ಸುಮಾರು ಹತ್ತು ಕೋಟಿ ಕ್ರಿಮಿಗಳಿರುವುವೆಂದು ಇಟ್ಟುಕೊಳ್ಳಿ. ಮದ್ದನ್ನು ಕಣ್ಣಿನಿಂದ ಕಾಣದೆಯೇ, ಹುಟ್ಟಿನಲ್ಲೇ, ಐಸೋನಿಯಝಿಡ್‌ಗೆ ಜಗ್ಗದ ಕ್ರಿಮಿ ಸುಮಾರು ಹತ್ತು ಲಕ್ಷಕ್ಕೊಂದು ಇರುತ್ತದೆ. ಅಂದರೆ ಆ ಕುಳಿಯಲ್ಲಿ ನೂರು. ಒಂದೇ ಮದ್ದು ಕೊಟ್ಟರೆ ಮಿಕ್ಕವೆಲ್ಲ ಸತ್ತು ಈ ನೂರು ಉಳಿಯುತ್ತವೆ. ರೋಗಿಗೆ ಗುಣವಾದಂತೆ ತೋರುತ್ತದೆ, ಕೆಮ್ಮು ನಿಲ್ಲುತ್ತದೆ. ಕೆಲವು ತಿಂಗಳಲ್ಲಿ ಆ ನೂರೇ ಕೋಟಿಗಳಾಗುತ್ತವೆ, ಆಗ ಮದ್ದಿಗೆ ಕೆಲಸವಿಲ್ಲ. ರಿಫ್ಯಾಂಪಿಸಿನ್‌ಗೆ ಜಗ್ಗದವು ಹತ್ತು ಕೋಟಿಗೊಂದು. ಎರಡಕ್ಕೂ ಒಟ್ಟಿಗೆ ಜಗ್ಗದ ಕ್ರಿಮಿ ಬೇಕಾದರೆ ಈ ಎರಡು ಸಂಖ್ಯೆಗಳನ್ನು ಗುಣಿಸಬೇಕು: ಒಂದರ ಮುಂದೆ ಹದಿನಾಲ್ಕು ಸೊನ್ನೆ. ಅಷ್ಟು ಕ್ರಿಮಿಗಳು ಯಾವ ಮನುಷ್ಯನ ಎದೆಯಲ್ಲೂ ಇರವು. ಮೂರು ನಾಲ್ಕು ಮದ್ದುಗಳನ್ನು ಒಟ್ಟಿಗೆ ಕೊಡುವುದರ ಗುಟ್ಟು ಇಷ್ಟೇ. ನಾಲ್ಕು ಮಾತ್ರೆಗಳಲ್ಲಿ ಒಂದನ್ನು ಹೊಟ್ಟೆಗೆ ಹಿಡಿಸದೆಂದು ಬದಿಗಿಡುವವನು ಈ ಗುಣಾಕಾರವನ್ನೇ ಕೆಡಿಸುತ್ತಾನೆ. ಈಗ ಸರಕಾರಿ ಚಿಕಿತ್ಸೆಯಲ್ಲಿ ಎಲ್ಲವನ್ನೂ ಒಂದೇ ಮಾತ್ರೆಯಲ್ಲಿ ಬೆರೆಸಿ ಕೊಡುವುದು ಇದೇ ಕಾರಣದಿಂದ.

ಅವಧಿಯು ಆರು ತಿಂಗಳೇಕೆ ಎಂದು ಕೇಳುವವರುಂಟು. ಬೇರೆ ಕ್ರಿಮಿಗಳು ಇಪ್ಪತ್ತು ನಿಮಿಷಕ್ಕೊಮ್ಮೆ ಇಬ್ಭಾಗವಾಗಿ ಬೆಳೆದರೆ ಕ್ಷಯಕ್ರಿಮಿಗೆ ಹೆಚ್ಚುಕಡಿಮೆ ಇಪ್ಪತ್ತು ಗಂಟೆ ಬೇಕು; ಕೆಲವು ಕ್ರಿಮಿಗಳು ಬೆಳೆಯದೆ ತಿಂಗಳುಗಟ್ಟಲೆ ನಿದ್ರಿಸುತ್ತವೆ. ಬೆಳೆಯುವ ಕ್ರಿಮಿಯನ್ನು ಕೊಲ್ಲುವುದು ಸುಲಭ, ಮಲಗಿದ್ದನ್ನು ಕೊಲ್ಲುವುದು ಕಷ್ಟ. ಮೊದಲ ಎರಡು ತಿಂಗಳು ಎಚ್ಚರಿರುವ ದೊಡ್ಡ ಸೈನ್ಯಕ್ಕೆ, ಉಳಿದ ನಾಲ್ಕು ತಿಂಗಳು ಮಲಗಿರುವ ಚಿಕ್ಕ ಪಡೆಗೆ. ಎರಡನೆಯ ತಿಂಗಳಲ್ಲಿ ತೂಕವೇರಿ, ಮುಖಕ್ಕೆ ಕಳೆ ಬಂದು, ಇನ್ನೇಕೆ ಮಾತ್ರೆಯೆಂದು ಬಿಟ್ಟು ಊರಿಗೆ ಹೋದ ಹುಡುಗರನ್ನು ಹೋಟೆಲಿನ ಗಲ್ಲೆಯ ಮೇಲೆ ಕುಳಿತವರೆಲ್ಲರೂ ಬಲ್ಲರು.

ಐಸೋನಿಯಝಿಡ್‌ನ ವೃತ್ತಾಂತ ಇನ್ನೂ ವಿಚಿತ್ರ. ಅದನ್ನು ಪ್ರಾಗ್ ನಗರದ ಇಬ್ಬರು ರಸಾಯನಶಾಸ್ತ್ರಜ್ಞರು 1912ರಲ್ಲೇ ತಯಾರಿಸಿ ಬರೆದಿಟ್ಟಿದ್ದರು; ಏತಕ್ಕೆ ಉಪಯೋಗವೆಂಬುದು ಅವರಿಗೆ ತಿಳಿಯದು. ನಲವತ್ತು ವರ್ಷಗಳ ತರುವಾಯ ಮೂರು ಬೇರೆ ಬೇರೆ ಕಂಪೆನಿಗಳು ಏಕಕಾಲಕ್ಕೆ ಅದು ಕ್ಷಯಕ್ಕೆ ರಾಮಬಾಣವೆಂದು ಕಂಡವು. 1952ರಲ್ಲಿ ನ್ಯೂಯಾರ್ಕಿನ ಸೀ ವ್ಯೂ ಆಸ್ಪತ್ರೆಯಲ್ಲಿ, ಸಾಯಲು ಮಲಗಿದ್ದವರು ಎದ್ದು ಕುಣಿದರೆಂದು ಪತ್ರಿಕೆಗಳಲ್ಲಿ ಚಿತ್ರಗಳು ಬಂದವು. ಆದರೆ ವಸ್ತುವು 1912ರಲ್ಲೇ ತಿಳಿದಿದ್ದುದರಿಂದ ಯಾವ ಕಂಪೆನಿಯೂ ಅದರ ಮೇಲೆ ಪೇಟೆಂಟ್ ಹಕ್ಕನ್ನು ಪಡೆಯಲಾಗಲಿಲ್ಲ. ಹೀಗಾಗಿ ಅದು ಮೊದಲ ದಿನದಿಂದಲೇ ಅಗ್ಗ. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಅಗ್ಗದ ಮಾತ್ರೆ ಬಂದ ಮೇಲೆ ಬಡ ದೇಶಗಳಿಗೆ ಒಂದು ಪ್ರಶ್ನೆ ಎದುರಾಯಿತು. ಅಲ್ಲಿಯವರೆಗೆ ಕ್ಷಯವೆಂದರೆ ಆರೋಗ್ಯಧಾಮ. ಮದನಪಲ್ಲಿಯಲ್ಲೋ ಮೈಸೂರಿನಲ್ಲೋ ಹಾಸಿಗೆ ಸಿಕ್ಕರೆ ಪುಣ್ಯ. ಹಾಲು, ಮೊಟ್ಟೆ, ತಂಗಾಳಿ, ವಿಶ್ರಾಂತಿ. ಲಕ್ಷಾಂತರ ರೋಗಿಗಳಿಗೆ ಅಷ್ಟು ಹಾಸಿಗೆ ಎಲ್ಲಿಂದ? ಮನೆಯಲ್ಲೇ ಇದ್ದು ಮಾತ್ರೆ ನುಂಗಿದರೆ ಗುಣವಾಗುವುದೇ? 1956ರಲ್ಲಿ ಮದ್ರಾಸಿನಲ್ಲಿ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿ, ವಿಶ್ವ ಆರೋಗ್ಯ ಸಂಸ್ಥೆ, ಬ್ರಿಟನ್ನಿನ ಸಂಶೋಧನಾ ಮಂಡಲಿ ಮತ್ತು ಮದ್ರಾಸ್ ಸರಕಾರಗಳು ಕೂಡಿ ಒಂದು ಕೇಂದ್ರವನ್ನು ತೆರೆದು, ವಾಲೆಸ್ ಫಾಕ್ಸ್ ಎಂಬವರ ನೇತೃತ್ವದಲ್ಲಿ ಇದನ್ನೇ ಪರೀಕ್ಷಿಸಿದವು. ನಗರದ ಬಡ ರೋಗಿಗಳಲ್ಲಿ ಅರ್ಧ ಮಂದಿ ಆರೋಗ್ಯಧಾಮಕ್ಕೆ, ಅರ್ಧ ಮಂದಿ ತಮ್ಮ ಇಕ್ಕಟ್ಟಿನ ಮನೆಗಳಿಗೆ. ಮನೆಯವರಿಗೆ ಆಹಾರ ಕಡಿಮೆ, ವಿಶ್ರಾಂತಿ ಕಡಿಮೆ, ಗಾಳಿ ಕಡಿಮೆ. 1959ರಲ್ಲಿ ಫಲಿತಾಂಶ ಪ್ರಕಟವಾಯಿತು: ಒಂದು ವರ್ಷದ ಕೊನೆಗೆ ಎರಡೂ ಗುಂಪುಗಳವರು ಹೆಚ್ಚುಕಡಿಮೆ ಒಂದೇ ಸಮನಾಗಿ ಗುಣಹೊಂದಿದ್ದರು. ಮನೆಯಲ್ಲಿದ್ದವರ ಕುಟುಂಬಗಳಿಗೆ ಅದರಿಂದ ಹೆಚ್ಚಿನ ಸೋಂಕೂ ತಗಲಿರಲಿಲ್ಲ. ಏಕೆಂದರೆ ರೋಗವು ಹರಡುವುದು ಮುಖ್ಯವಾಗಿ ಚಿಕಿತ್ಸೆ ಆರಂಭವಾಗುವುದಕ್ಕೆ ಮೊದಲು. ಐಸೋನಿಯಝಿಡ್‌ನ್ನು ಶೀಘ್ರವಾಗಿ ಹೊರಹಾಕುವವರಿಗೆ ವಾರಕ್ಕೊಮ್ಮೆ ಕೊಟ್ಟರೆ ಸಾಲದೆಂಬುದನ್ನೂ ಇದೇ ಕೇಂದ್ರ ತೋರಿಸಿತು. ಜಗತ್ತಿನ ಆರೋಗ್ಯಧಾಮಗಳ ಬಾಗಿಲು ಮುಚ್ಚಿಸಿದ ಪ್ರಯೋಗ ಮದ್ರಾಸಿನದು. ಅದೇ 1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯ ಸಂಸ್ಥೆಯು ಸ್ಥಾಪಿತವಾಗಿ, 1962ರಲ್ಲಿ ಆರಂಭಗೊಂಡ ರಾಷ್ಟ್ರೀಯ ಕಾರ್ಯಕ್ರಮಕ್ಕೆ ತಳಹದಿ ಹಾಕಿತು.

ಮದ್ದಿಗಾಗಿ ಮನೆ, ಕೂಲಿ ಬಿಡಬೇಕಾಗಿಲ್ಲವೆಂಬ ಈ ನಿರ್ಣಯದಿಂದ ಹೆಚ್ಚು ಲಾಭ ಪಡೆದವರು ದುಡಿದುಣ್ಣುವ ಜನ. ಹೀಗಿದ್ದೂ, ಕ್ಷಯವೆಂದೊಡನೆ ನೌಕರನ ಹಾಸಿಗೆಯನ್ನು ಬೀದಿಗೆಸೆಯುವ ಮಾಲಿಕರು ಇಂದಿಗೂ ಇದ್ದಾರೆ. ಅದರ ಫಲ, ಉಳಿದ ಹುಡುಗರು ಕೆಮ್ಮನ್ನು ಮುಚ್ಚಿಡುವುದು. ಮುಚ್ಚಿಟ್ಟ ಕೆಮ್ಮೇ ಹರಡುವ ಕೆಮ್ಮು. ಹೋಟೆಲು ನಡೆಸಿದವನಾಗಿ ಈ ಮಾತನ್ನು ನಮ್ಮವರಿಗೇ ಹೇಳಬೇಕಾಗಿದೆ.

1960ರ ದಶಕದಲ್ಲಿ ರಿಫ್ಯಾಂಪಿಸಿನ್ ಬಂದಿತು. ಫ್ರಾನ್ಸಿನ ಕಡಲತೀರದ ಪೈನ್ ವನದ ಮಣ್ಣಿನಿಂದ ಮಿಲಾನಿನ ಸಂಶೋಧಕರು ತೆಗೆದ ಈ ಮದ್ದಿಗೆ ಆಗ ಜನಪ್ರಿಯವಾಗಿದ್ದ ‘ರಿಫಿಫಿ’ ಎಂಬ ಫ್ರೆಂಚ್ ಕಳ್ಳತನದ ಚಲಚ್ಚಿತ್ರದ ಹೆಸರನ್ನೇ ತಿರುಚಿ ಇಟ್ಟರಂತೆ. ಆ ಮೇಲೆ ನಲವತ್ತು ವರ್ಷಗಳ ಮೌನ. ಹೊಸ ಬಗೆಯಲ್ಲಿ ಕೆಲಸಮಾಡುವ ಒಂದು ಕ್ಷಯೌಷಧವೂ ಮಾರುಕಟ್ಟೆಗೆ ಬರಲಿಲ್ಲ. ವಿಜ್ಞಾನ ನಿಂತುಹೋಗಿತ್ತೇ? ಇಲ್ಲ, ಅದೇ ಅವಧಿಯಲ್ಲಿ ರಕ್ತದೊತ್ತಡಕ್ಕೆ, ಹೊಟ್ಟೆಯುರಿಗೆ, ಕೊಬ್ಬಿಗೆ ಮದ್ದುಗಳ ಹೊಳೆಯೇ ಹರಿಯಿತು. ಕ್ಷಯಕ್ಕೆ ರೋಗಿಗಳು ಕೋಟಿಗಟ್ಟಲೆ ಇದ್ದರು, ಗಿರಾಕಿಗಳು ಇರಲಿಲ್ಲ. ಶ್ರೀಮಂತ ದೇಶಗಳಲ್ಲಿ ರೋಗ ಅಡಗಿತ್ತು. ಬಡ ದೇಶದ ರೋಗಿಯ ಕಿಸೆಯಿಂದ ಕಂಪೆನಿಯ ಖರ್ಚು ಹುಟ್ಟುವಂತಿರಲಿಲ್ಲ. ಇತ್ತ ಅರೆಬರೆ ಚಿಕಿತ್ಸೆಗಳಿಂದ ಕ್ರಿಮಿ ಮಾತ್ರ ಬಲಿಯುತ್ತಲೇ ಹೋಯಿತು. 2012ರ ಆರಂಭದಲ್ಲಿ ಮುಂಬಯಿಯ ಹಿಂದುಜಾ ಆಸ್ಪತ್ರೆಯ ಡಾ. ಝರೀರ್ ಉದ್ವಾಡಿಯಾ ಅವರು ಪರೀಕ್ಷಿಸಿದ ಯಾವ ಮದ್ದಿಗೂ ಬಗ್ಗದ ಕ್ಷಯದ ನಾಲ್ವರು ರೋಗಿಗಳ ವಿಷಯವನ್ನು ತಿಳಿಸಿದಾಗ ದೇಶ ಬೆಚ್ಚಿಬಿದ್ದಿತು. ಸರಕಾರವು ಆ ಹೆಸರಿನ ಕುರಿತು ತಕರಾರು ಮಾಡಿತು. ರೋಗದ ಕುರಿತು ಮಾಡಲಾಗಲಿಲ್ಲ.

ಬೆಡಾಕ್ವಿಲಿನ್ ಬಂದುದು ಈ ಸಂದರ್ಭದಲ್ಲಿ. ಹೊಸ ಮದ್ದು ಹುಟ್ಟುವ ಕ್ರಮವನ್ನು ಇದರಿಂದಲೇ ತಿಳಿಯಬಹುದು. ಬೆಲ್ಜಿಯಂನ ಜಾನ್ಸನ್ ಸಂಶೋಧನಾಲಯದಲ್ಲಿ, ಕೋಯನ್ ಆಂಡ್ರೀಸ್ ಮತ್ತವರ ಸಂಗಡಿಗರು ಸಾವಿರಾರು ರಾಸಾಯನಿಕಗಳನ್ನು ಕ್ಷಯಕ್ರಿಮಿಯ ನಿರಪಾಯಕಾರಿ ದಾಯಾದಿಯೊಂದರ ಮೇಲೆ ಒಂದೊಂದಾಗಿ ಸುರಿದು ನೋಡಿದರು. ಕೊಲ್ಲುವಂಥದು ದೊರೆತ ಮೇಲೆ ಅದನ್ನು ತಿದ್ದಿ ತೀಡಿ, ಅದು ಕ್ರಿಮಿಯ ಶಕ್ತಿಯನ್ನು ಉತ್ಪಾದಿಸುವ ಯಂತ್ರವನ್ನೇ ನಿಲ್ಲಿಸುವುದೆಂದು ಕಂಡುಕೊಂಡರು. ಒಲೆಗೆ ಗ್ಯಾಸು ನಿಂತಂತೆ. ಎಚ್ಚರಿದ್ದರೂ ಮಲಗಿದ್ದರೂ ಕ್ರಿಮಿಗೆ ಶಕ್ತಿ ಬೇಕೇಬೇಕಷ್ಟೆ. 2005ರಲ್ಲಿ ಈ ಶೋಧ ಪ್ರಕಟವಾಯಿತು. ಮೊದಲು ಪ್ರಾಣಿಗಳ ಮೇಲಿನ ಪರೀಕ್ಷೆ, ತರುವಾಯ ಕೆಲವೇ ಆರೋಗ್ಯವಂತರಲ್ಲಿ ಎಷ್ಟು ಪ್ರಮಾಣ ಸಹ್ಯವೆಂಬ ಪರೀಕ್ಷೆ, ಬಳಿಕ ಕೆಲವು ನೂರು ರೋಗಿಗಳಲ್ಲಿ ಗುಣವಾಗುವುದೇ ಎಂಬ ಪರೀಕ್ಷೆ, ಕಡೆಗೆ ದೊಡ್ಡ ಸಂಖ್ಯೆಯಲ್ಲಿ ಹಳೆಯ ಮದ್ದಿನೊಡನೆ ತುಲನೆ. ಮನುಷ್ಯರ ಮೇಲಿನ ಪರೀಕ್ಷೆಯವರೆಗೆ ಬಂದ ಹತ್ತು ಮದ್ದುಗಳಲ್ಲಿ ಕಡೆಗೆ ಅಂಗಡಿ ಸೇರುವುದು ಸುಮಾರು ಒಂದು.

ಬೆಡಾಕ್ವಿಲಿನ್ನಿನ ವಿಷಯದಲ್ಲಿ ಕಡೆಯ ಮೆಟ್ಟಿಲು ಹತ್ತುವ ಮೊದಲೇ, 2012ರ ಡಿಸೆಂಬರಿನಲ್ಲಿ, ಅಮೆರಿಕದ ಔಷಧ ಇಲಾಖೆ ತ್ವರಿತ ಅನುಮತಿಯನ್ನು ನೀಡಿತು. ಇದಕ್ಕೆ ಆಕ್ಷೇಪವಿಲ್ಲದೆ ಇರಲಿಲ್ಲ. ಪರೀಕ್ಷೆಯಲ್ಲಿ ಹೊಸ ಮದ್ದು ಪಡೆದ 79 ಮಂದಿಯಲ್ಲಿ 10 ಸಾವು, ಪಡೆಯದ 81ರಲ್ಲಿ 2 ಸಾವು ಸಂಭವಿಸಿದ್ದವು. ಮದ್ದು ಹೃದಯದ ಬಡಿತದ ಲಯವನ್ನು ಏರುಪೇರು ಮಾಡಬಲ್ಲುದೆಂಬುದೂ ತಿಳಿದಿತ್ತು. ಅಲ್ಲದೆ ಇದರ ಅರ್ಧಾಯುಷ್ಯ ಸುಮಾರು ಐದೂವರೆ ತಿಂಗಳು! ನಿಲ್ಲಿಸಿದರೂ ದೇಹದಲ್ಲಿ ಉಳಿದೇ ಇರುತ್ತದೆ. ಆದರೂ ಬೇರೆ ಗತಿಯಿಲ್ಲದ ರೋಗಿಗೆ ಇದನ್ನು ತಡೆಯುವುದು ಸರಿಯೇ ಎಂಬ ವಾದ ಗೆದ್ದಿತು. ಮುಂದೆ ಸಾವಿರಾರು ರೋಗಿಗಳಿಗೆ ಕೊಟ್ಟಾಗ ಸಾವುಗಳು ಹೆಚ್ಚುವ ಬದಲು ಕಡಿಮೆಯಾದುದು ಕಂಡುಬಂದು ಆ ಭಯ ಬಹುಮಟ್ಟಿಗೆ ತಗ್ಗಿತು. ಅಂದು ಆತುರಪಟ್ಟರೆಂದು ದೂಷಿಸಿದವರ ಮಾತಿನಲ್ಲಿಯೂ ಹುರುಳಿತ್ತೆಂದೇ ನಮ್ಮ ಅಭಿಪ್ರಾಯ. ಫಲ ಸಿಹಿಯಾಯಿತೆಂದ ಮಾತ್ರಕ್ಕೆ ಪರೀಕ್ಷೆಯ ಮೆಟ್ಟಿಲುಗಳನ್ನು ಹಾರುವುದು ಪದ್ಧತಿಯಾಗಬಾರದು. ರಿಫ್ಯಾಂಪಿಸಿನ್ನಿನ ಜೊತೆ ಕೊಟ್ಟರೆ ರಕ್ತದಲ್ಲಿ ಇದರ ಪ್ರಮಾಣ ಅರ್ಧಕ್ಕಿಳಿಯುವುದರಿಂದ ಹಳೆಯ ಮಾತ್ರೆಗಳೊಡನೆ ಇದನ್ನು ಸುಮ್ಮನೆ ಸೇರಿಸುವಂತಿಲ್ಲ. ಮೇಲೆ ಹೇಳಿದ ಯಕೃತ್ತಿನ ಕಥೆ ಇಲ್ಲಿಯೂ ಬಂದಿತು.

ಭಾರತಕ್ಕೆ 2016ರಲ್ಲಿ ಇದು ಆರು ಆಸ್ಪತ್ರೆಗಳ ಮೂಲಕ, ಕಂಪೆನಿ ದಾನವಾಗಿ ಕೊಟ್ಟ ಅಳತೆಯಷ್ಟು ಮಾತ್ರ ಬಂದಿತು. ಪಾಟ್ನಾದ ಹದಿನೆಂಟು ವರ್ಷದ ಹುಡುಗಿಯೊಬ್ಬಳು ಈ ಮಾತ್ರೆಗಾಗಿ ದೆಹಲಿಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಬೇಕಾಯಿತು. 2017ರ ಜನವರಿಯಲ್ಲಿ ಆಕೆಗೆ ಮದ್ದು ದೊರೆಯುವಂತಾಯಿತು. ಮದ್ದು ಇದೆ, ರೋಗಿ ಇದ್ದಾಳೆ, ನಡುವೆ ವಕೀಲರು ಬೇಕಾದರು.

ಈಗ ಪೇಟೆಂಟಿನ ವಿಷಯ. ಹೊಸ ಮದ್ದು ಕಂಡುಹಿಡಿದವನಿಗೆ ಇಪ್ಪತ್ತು ವರ್ಷ ಏಕಸ್ವಾಮ್ಯವಿರುತ್ತದೆ. ನಮ್ಮ 1970ರ ಪೇಟೆಂಟ್ ಕಾಯಿದೆಯು ಮದ್ದಿಗೆ ಹಕ್ಕು ಕೊಡದೆ ತಯಾರಿಸುವ ವಿಧಾನಕ್ಕೆ ಮಾತ್ರ ಕೊಟ್ಟಿದ್ದುದರಿಂದ ಭಾರತದಲ್ಲಿ ಅಗ್ಗದ ಔಷಧೋದ್ಯಮ ಬೆಳೆಯಿತು. ವಿಶ್ವ ವಾಣಿಜ್ಯ ಸಂಸ್ಥೆಯ ಒಪ್ಪಂದದಂತೆ 2005ರಲ್ಲಿ ಮದ್ದಿಗೇ ಹಕ್ಕು ಕೊಡಬೇಕಾಗಿ ಬಂದಾಗ, ಪಾರ್ಲಿಮೆಂಟು ಕಾಯಿದೆಯ 3(ಡಿ) ಕಲಮಿನಲ್ಲಿ ಒಂದು ಬೇಲಿಯನ್ನು ಹಾಕಿತು: ತಿಳಿದ ವಸ್ತುವಿನ ಹೊಸ ರೂಪಕ್ಕೆ, ಅದರಿಂದ ಗುಣವು ಹೆಚ್ಚದ ಹೊರತು, ಹೊಸ ಹಕ್ಕಿಲ್ಲ. ಹಳೆಯ ಸಾಂಬಾರಿಗೆ ಹೊಸ ಒಗ್ಗರಣೆ ಹಾಕಿ ಹೊಸ ಪದಾರ್ಥವೆಂದು ದರ ಬರೆಯಬಾರದು ಎಂದರ್ಥ. ಕ್ಯಾನ್ಸರಿನ ಗ್ಲಿವೆಕ್ ಮದ್ದಿನ ಮೊಕದ್ದಮೆಯಲ್ಲಿ 2013ರ ಏಪ್ರಿಲಿನಲ್ಲಿ ಸುಪ್ರೀಂ ಕೋರ್ಟು ಈ ಕಲಮನ್ನು ಎತ್ತಿಹಿಡಿಯಿತು.

ಬೆಡಾಕ್ವಿಲಿನ್ನಿನ ಮೂಲ ಹಕ್ಕು ಭಾರತದಲ್ಲಿ 2023ರ ಜುಲೈಗೆ ತೀರುತ್ತಿತ್ತು. ಮಾಲಿಕ ಕಂಪೆನಿಯಾದ ಜಾನ್ಸನ್ ಅಂಡ್ ಜಾನ್ಸನ್, ಅದೇ ಮದ್ದಿನ ಫ್ಯುಮರೇಟ್ ಲವಣಕ್ಕೆ ಬೇರೆಯೇ ಹಕ್ಕು ಕೇಳಿತು. ದೊರೆತಿದ್ದರೆ ಏಕಸ್ವಾಮ್ಯ 2027ರ ಡಿಸೆಂಬರಿನವರೆಗೆ ಎಳೆಯುತ್ತಿತ್ತು. ಇದನ್ನು ವಿರೋಧಿಸಿ ಅರ್ಜಿ ಕೊಟ್ಟವರಲ್ಲಿ ಮುಂಬಯಿಯ ನಂದಿತಾ ವೆಂಕಟೇಶನ್ ಮತ್ತು ದಕ್ಷಿಣ ಆಫ್ರಿಕದ ಫುಮೇಝಾ ಟಿಸಿಲೆ ಎಂಬ ಇಬ್ಬರು ಮಹಿಳೆಯರಿದ್ದರು. ಇಬ್ಬರೂ ಕ್ಷಯದಿಂದ ಗುಣವಾದವರು. ಇಬ್ಬರೂ ಹಳೆಯ ಸೂಜಿಮದ್ದಿನ ವಿಷದಿಂದ ಶ್ರವಣಶಕ್ತಿಯನ್ನು ಕಳೆದುಕೊಂಡವರು. ಸ್ಟ್ರೆಪ್ಟೋಮೈಸಿನ್ನಿನ ವಂಶದ ಮದ್ದುಗಳು ಕಿವಿಯೊಳಗಿನ ಸೂಕ್ಷ್ಮ ತಂತುಗಳನ್ನು ಸುಡುವುವೆಂಬುದು ಮೊದಲ ಪರೀಕ್ಷೆಗಳ ಕಾಲದಿಂದಲೂ ತಿಳಿದಿತ್ತು. ಬದಲಿ ಮದ್ದು ಇಲ್ಲದುದರಿಂದ ಅರ್ಧ ಶತಮಾನಕ್ಕೂ ಹೆಚ್ಚು ಕಾಲ ಅದನ್ನೇ ಕೊಟ್ಟರು. 2023ರ ಮಾರ್ಚ್ 23ರಂದು ಪೇಟೆಂಟ್ ಕಚೇರಿಯು ಕಂಪೆನಿಯ ಅರ್ಜಿಯನ್ನು ತಿರಸ್ಕರಿಸಿತು.

ಪರಿಣಾಮವನ್ನು ಅಂಕಿಗಳಲ್ಲೇ ನೋಡಬಹುದು. ಅಂತಾರಾಷ್ಟ್ರೀಯ ಖರೀದಿಯಲ್ಲಿ ಆರು ತಿಂಗಳ ಬೆಡಾಕ್ವಿಲಿನ್ನಿಗೆ 2020ರಲ್ಲಿ 340 ಡಾಲರ್ ಇದ್ದುದು, ಭಾರತೀಯ ಕಂಪೆನಿಯೊಂದು ಪೈಪೋಟಿಗೆ ಬಂದ 2023ರ ಆಗಸ್ಟಿನಲ್ಲಿ 130 ಡಾಲರಿಗೆ ಇಳಿಯಿತು. ಕಂಪೆನಿಗಳಿಗೆ ಸಂಶೋಧನೆಯ ಖರ್ಚಾದರೂ ಹುಟ್ಟಬೇಡವೇ ಎಂದು ಕೇಳುವವರಿಗೆ ಉತ್ತರವಿದೆ. ಈ ಮದ್ದಿನ ಪರೀಕ್ಷೆಗಳಿಗೆ ಸರಕಾರಗಳೂ ಧರ್ಮಸಂಸ್ಥೆಗಳೂ ಹಾಕಿದ ಹಣವು ಕಂಪೆನಿ ಹಾಕಿದ್ದಕ್ಕಿಂತ ಅಧಿಕವೆಂದು 2020ರಲ್ಲಿ ಸಂಶೋಧಕರು ಲೆಕ್ಕಹಾಕಿದ್ದಾರೆ. ಜೊತೆಯ ಮದ್ದಾದ ಪ್ರಿಟೋಮ್ಯಾನಿಡ್ಡನ್ನಂತೂ ಲಾಭಾಪೇಕ್ಷೆಯಿಲ್ಲದ ಟಿಬಿ ಅಲಯನ್ಸ್ ಸಂಸ್ಥೆಯೇ ಬೆಳೆಸಿ 2019ರಲ್ಲಿ ಅನುಮತಿ ಪಡೆಯಿತು. ಅಂಗಡಿಯ ಬಂಡವಾಳದಲ್ಲಿ ಸಾರ್ವಜನಿಕರ ಪಾಲಿದ್ದ ಮೇಲೆ ದರಪಟ್ಟಿಯಲ್ಲಿ ಅವರ ಮಾತೂ ನಡೆಯಬೇಕು.

ನಾಲ್ಕು ಮದ್ದುಗಳ ಈ ಕ್ರಮವನ್ನು ಉಜ್ಬೆಕಿಸ್ತಾನ, ಬೆಲಾರೂಸ್, ದಕ್ಷಿಣ ಆಫ್ರಿಕಗಳಲ್ಲಿ ಹಳೆಯ ಕ್ರಮದೊಡನೆ ತುಲನೆ ಮಾಡಿದಾಗ ನೂರರಲ್ಲಿ 89 ಮಂದಿಗೆ ಒಳ್ಳೆಯ ಫಲ ದೊರೆಯಿತು, ಹಳೆಯದರಲ್ಲಿ 52. ನಿಷ್ಕಂಟಕವೆಂದು ಮಾತ್ರ ತಿಳಿಯಬಾರದು. ಲಿನೆಝೋಲಿಡ್ ನರಗಳನ್ನೂ ರಕ್ತವನ್ನೂ ಬಾಧಿಸಬಲ್ಲುದು, ಆದುದರಿಂದ ರಕ್ತಪರೀಕ್ಷೆ ಹೃದಯಪರೀಕ್ಷೆಗಳು ನಡುನಡುವೆ ಆಗುತ್ತಲೇ ಇರಬೇಕು.

ಹೀಗೆ ಮದ್ದೂ ಇದೆ, ದರವೂ ಇಳಿದಿದೆ. ಆದರೂ ಗುರಿ ತಪ್ಪಿದ್ದೇಕೆ? ಒಂದು ಕಾರಣ ಕೊಟ್ಟಿಯದು. 2024ರ ಮಾರ್ಚಿನಲ್ಲಿ ಸಾಮಾನ್ಯ ಕ್ಷಯದ ಮಾತ್ರೆಗಳೇ ಹಲವೆಡೆ ದೊರೆಯದೆ, ಸ್ಥಳೀಯವಾಗಿ ಕೊಂಡುಕೊಳ್ಳಿರೆಂದು ಕೇಂದ್ರವು ರಾಜ್ಯಗಳಿಗೆ ಬರೆಯಬೇಕಾಯಿತು. ಒಂದು ದಿನವೂ ತಪ್ಪಿಸಬೇಡವೆಂದು ರೋಗಿಗೆ ಬುದ್ಧಿ ಹೇಳುವ ಸರಕಾರ ತಾನೇ ವಾರಗಟ್ಟಲೆ ತಪ್ಪಿಸಿದರೆ, ಮೇಲೆ ಹೇಳಿದ ಗುಣಾಕಾರವನ್ನು ಕೆಡಿಸಿದವರು ಯಾರು? ನಾಳೆಗೆ ಅಕ್ಕಿ ಇದೆಯೇ ಎಂದು ಇಂದೇ ನೋಡುವುದನ್ನು ಯಾವ ಸಣ್ಣ ಖಾನಾವಳಿಯ ಮ್ಯಾನೇಜರನೂ ಬಲ್ಲ.

ಇನ್ನೊಂದು ಕಾರಣ ಹೊಟ್ಟೆಯದು. ಮಂಗಳೂರಿನ ಯೇನೆಪೋಯ ವೈದ್ಯಕೀಯ ಕಾಲೇಜಿನ ಡಾ. ಅನುರಾಗ್ ಭಾರ್ಗವ ಮತ್ತವರ ಸಂಗಡಿಗರು ಝಾರ್ಖಂಡದಲ್ಲಿ ನಡೆಸಿ 2023ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನು ತೋರಿಸಿದೆ. ರೋಗಿಯ ಮನೆಯವರಿಗೆ ತಿಂಗಳು ತಿಂಗಳೂ ಅಕ್ಕಿ ಬೇಳೆ ಕೊಟ್ಟುದರಿಂದ ಅವರಲ್ಲಿ ಹೊಸದಾಗಿ ಕ್ಷಯ ಬರುವುದು ನೂರಕ್ಕೆ 39ರಷ್ಟು ಕಡಿಮೆಯಾಯಿತು. ಹರಡುವ ಬಗೆಯ ಶ್ವಾಸಕೋಶದ ಕ್ಷಯ 48ರಷ್ಟು. ಯಾವ ಕಂಪೆನಿಯೂ ಹಕ್ಕು ಕೇಳಲಾಗದ ಮದ್ದು ಇದು. ಸರಕಾರವು ರೋಗಿಯ ಪೋಷಣೆಗೆಂದು 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿದ್ದುದನ್ನು 2024ರ ನವೆಂಬರಿನಿಂದ 1000 ಮಾಡಿದೆ. ಆದರೆ ಆ ಹಣ ಬ್ಯಾಂಕಿನ ಖಾತೆಗೆ ಬರತಕ್ಕದ್ದು. ಖಾತೆಯನ್ನು ಊರಿನಲ್ಲಿಟ್ಟು ಇಲ್ಲಿ ದುಡಿಯುವ ನಮ್ಮ ಹುಡುಗರು ಅದನ್ನು ಕೇಳಿ ಪಡೆಯಬೇಕು.

ಊರಿಗೆ ಹೋಗುವಾಗ ಚಿಕಿತ್ಸೆ ಕಡಿಯುವುದೇ ನಮ್ಮವರ ದೊಡ್ಡ ತೊಡಕು. ಜಾತ್ರೆ, ಮದುವೆ, ನಾಟಿ, ಕೊಯ್ಲು, ಏನಾದರೊಂದು ಇದ್ದೇ ಇರುತ್ತದೆ. ಚಿಕಿತ್ಸೆ ಆರಂಭವಾದಾಗ ರೋಗಿಗೆ ‘ನಿಕ್ಷಯ್’ ಎಂಬ ಸಂಖ್ಯೆಯೊಂದನ್ನು ಕೊಡುತ್ತಾರೆ. ಅದು ಇಡೀ ದೇಶಕ್ಕೆ ಒಂದೇ. ಮುಂಬಯಿಯಲ್ಲಿ ಮೊದಲ ತಿಂಗಳ ಮಾತ್ರೆ ನುಂಗಿದವನು ಆ ಸಂಖ್ಯೆಯನ್ನು ಕುಂದಾಪುರದ ಅಥವಾ ಕಾರ್ಕಳದ ಸರಕಾರಿ ಆಸ್ಪತ್ರೆಯಲ್ಲಿ ತೋರಿಸಿ ಎರಡನೆಯ ತಿಂಗಳದನ್ನು ಪಡೆಯಬಹುದು. ಹೊರಡುವ ಮೊದಲು ಇಲ್ಲಿಯ ಕೇಂದ್ರಕ್ಕೆ ತಿಳಿಸಿ ಹೆಸರನ್ನು ವರ್ಗಾಯಿಸಿಕೊಂಡರೆ, ದಾರಿಯ ದಿನಗಳಿಗೆ ಬೇಕಾದ ಮಾತ್ರೆಗಳನ್ನೂ ಕೇಳಿ ಪಡೆದರೆ ಇನ್ನೂ ಒಳ್ಳೆಯದು. ಎರಡು ವಾರ ಮೀರಿದ ಕೆಮ್ಮಿಗೆ ಕಫಪರೀಕ್ಷೆಯೂ, ರೋಗವಿದ್ದರೆ ಮಾತ್ರೆಗಳೂ ಸರಕಾರಿ ಕೇಂದ್ರಗಳಲ್ಲಿ ಉಚಿತ. ಮೊದಲ ಪರೀಕ್ಷೆಯಲ್ಲೇ ಕ್ರಿಮಿಯು ರಿಫ್ಯಾಂಪಿಸಿನ್ನಿಗೆ ಬಗ್ಗುವುದೋ ಇಲ್ಲವೋ ಎಂಬುದನ್ನು ಕೇಳಿ ತಿಳಿದುಕೊಳ್ಳಿರಿ. ಬಗ್ಗದಿದ್ದರೆ ಹೊಸ ನಾಲ್ಕು ಮದ್ದುಗಳ ಕ್ರಮ ತಮಗೆ ಹೊಂದುವುದೇ ಎಂದು ವೈದ್ಯರನ್ನು ವಿಚಾರಿಸುವ ಅಧಿಕಾರ ಪ್ರತಿಯೊಬ್ಬ ರೋಗಿಗೂ ಇದೆ.